17ಕ್ಕೆ 17: ಫ್ರೂಮ್ ಪಟ್ಟಣವನ್ನು ಪಕ್ಷೇತರರು ಗೆದ್ದ ಬಗೆ

2015ರ ಮೇ 7, ಗುರುವಾರ. ಬ್ರಿಟನ್ನಿನಲ್ಲಿ ಸಂಸತ್ ಚುನಾವಣೆ. ಅದೇ ದಿನ ಇಂಗ್ಲೆಂಡಿನ ಬಹಳಷ್ಟು ಕಡೆ ಸ್ಥಳೀಯ ಚುನಾವಣೆಯೂ ಇತ್ತು. ಸಾಮರ್ಸೆಟ್ ಕೌಂಟಿಯ ಫ್ರೂಮ್ ಪಟ್ಟಣದ ಮತದಾರರಿಗೆ ಅವತ್ತು ಒಂದಕ್ಕಿಂತ ಹೆಚ್ಚು ಮತಪತ್ರ ಕೊಟ್ಟರು. ಸಂಸತ್ತಿಗೆ ಒಂದು, ಮೆಂಡಿಪ್ ಜಿಲ್ಲಾ ಕೌನ್ಸಿಲ್‌ಗೆ ಒಂದು, ಸ್ವಂತ ಊರಿನ ಟೌನ್ ಕೌನ್ಸಿಲ್‌ಗೆ ಒಂದು.

ಫಲಿತಾಂಶ ಬಂದಾಗ ಸಾಮರ್ಟನ್ ಅಂಡ್ ಫ್ರೂಮ್ ಕ್ಷೇತ್ರದಿಂದ ಕನ್ಸರ್ವೇಟಿವ್ ಅಭ್ಯರ್ಥಿ 20 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದಿದ್ದರು. 1997ರಿಂದ ಆ ಕ್ಷೇತ್ರ ಲಿಬರಲ್ ಡೆಮಾಕ್ರಟ್ ಪಕ್ಷದ ಡೇವಿಡ್ ಹೀತ್ ಅವರ ಕೈಯಲ್ಲಿತ್ತು. ಜಿಲ್ಲಾ ಕೌನ್ಸಿಲ್‌ನಲ್ಲೂ ಕನ್ಸರ್ವೇಟಿವ್ ಪಕ್ಷಕ್ಕೇ ಬಹುಮತ ಬಂತು. ಟೌನ್ ಕೌನ್ಸಿಲ್ ಕಥೆ ಮಾತ್ರ ಬೇರೆ. ಅಲ್ಲಿದ್ದ 17 ಸೀಟುಗಳಲ್ಲಿ ಯಾವ ಪಕ್ಷಕ್ಕೂ ಒಂದೂ ಸಿಗಲಿಲ್ಲ. ಅಷ್ಟನ್ನೂ 'ಇಂಡಿಪೆಂಡೆಂಟ್ಸ್ ಫಾರ್ ಫ್ರೂಮ್' ಎಂಬ ಪಕ್ಷೇತರರ ಗುಂಪು ಗೆದ್ದುಕೊಂಡಿತು.

ಸಂಸತ್ ಕ್ಷೇತ್ರ ದೊಡ್ಡದು, ಫ್ರೂಮ್ ಅದರ ಒಂದು ಭಾಗ ಅಷ್ಟೇ. ಹಾಗಾಗಿ ಎರಡು ಲೆಕ್ಕವನ್ನು ಒಂದರ ಮೇಲೊಂದು ಇಟ್ಟು ನೋಡಲು ಆಗುವುದಿಲ್ಲ. ಆದರೂ ಒಂದು ಮಾತು ನಿಜ. ಒಂದೇ ಮತಗಟ್ಟೆಯಲ್ಲಿ, ಒಂದೇ ಪೆನ್ಸಿಲ್ ಹಿಡಿದು, ಜನ ದೇಶಕ್ಕೆ ಒಂದು ರೀತಿ, ಊರಿಗೆ ಇನ್ನೊಂದು ರೀತಿ ಯೋಚಿಸಿ ಮತ ಹಾಕಿದರು. ಅವರು ಹಾಗೆ ಯೋಚಿಸುವಂತೆ ಮಾಡಿದ್ದು ಏನು? ಈ ಪ್ರಕರಣವನ್ನು ಬಿಡಿಸಿ ನೋಡಬೇಕು ಅನ್ನಿಸಿದ್ದು ಆ ಪ್ರಶ್ನೆಗಾಗಿ.

ಊರು ಮತ್ತು ಅದರ ಕೌನ್ಸಿಲ್

ಫ್ರೂಮ್ ಇರುವುದು ಸಾಮರ್ಸೆಟ್‌ನ ಪೂರ್ವದ ಅಂಚಿನಲ್ಲಿ, ಮೆಂಡಿಪ್ ಬೆಟ್ಟಗಳ ಪಕ್ಕದಲ್ಲಿ. ಬಾತ್ ನಗರದಿಂದ ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರ್. 2011ರ ಜನಗಣತಿಯ ಹೊತ್ತಿಗೆ ಜನಸಂಖ್ಯೆ ಸುಮಾರು 26 ಸಾವಿರ. ಒಂದು ಕಾಲಕ್ಕೆ ಉಣ್ಣೆ ಬಟ್ಟೆಗೆ ಹೆಸರಾದ ಊರು ಇದು. ಆ ಕಸುಬು 19ನೇ ಶತಮಾನದಲ್ಲಿ ಕುಸಿಯಿತು. ಆಮೇಲೆ ಮುದ್ರಣ ಬಂತು, ಲೋಹದ ಕೆಲಸ ಬಂತು, ಅವೂ ಒಂದೊಂದಾಗಿ ಸೊರಗಿದವು. ಉಳಿದದ್ದು ಕಡಿದಾದ ಕಲ್ಲುಹಾಸಿನ ಕ್ಯಾಥರೀನ್ ಹಿಲ್, ನಡುವೆ ಸಣ್ಣ ನೀರಿನ ಕಾಲುವೆ ಹರಿಯುವ ಚೀಪ್ ಸ್ಟ್ರೀಟ್, ನೂರಾರು ಹಳೆಯ ಕಟ್ಟಡಗಳು. ಮನೆ ಬೆಲೆ ಬಾತ್‌ಗಿಂತ ಕಡಿಮೆ ಇದ್ದದ್ದರಿಂದ ಹೊಸಬರು ಬಂದು ನೆಲೆಸತೊಡಗಿದರು. ಈ ಹೊಸಬರ ಮಾತು ಮುಂದೆ ಮತ್ತೆ ಬರುತ್ತದೆ.

ಇಂಗ್ಲೆಂಡಿನ ಸ್ಥಳೀಯ ಆಡಳಿತದ ಮೆಟ್ಟಿಲುಗಳು ಗೊತ್ತಿಲ್ಲದಿದ್ದರೆ ಈ ಕಥೆ ಅರ್ಥವಾಗುವುದಿಲ್ಲ. ಆಗ ಸಾಮರ್ಸೆಟ್‌ನಲ್ಲಿ ಮೂರು ಹಂತ ಇತ್ತು. ಮೇಲೆ ಕೌಂಟಿ ಕೌನ್ಸಿಲ್. ರಸ್ತೆ, ಶಾಲೆ, ಗ್ರಂಥಾಲಯ, ವೃದ್ಧರ ಆರೈಕೆ ಎಲ್ಲ ಅದರದು. ನಡುವೆ ಜಿಲ್ಲಾ ಕೌನ್ಸಿಲ್. ಕಸ ಎತ್ತುವುದು, ಕಟ್ಟಡಗಳಿಗೆ ಅನುಮತಿ ಕೊಡುವುದು, ತೆರಿಗೆ ವಸೂಲಿ ಅದರ ಕೆಲಸ. ಎಲ್ಲಕ್ಕಿಂತ ಕೆಳಗೆ ಪ್ಯಾರಿಷ್ ಕೌನ್ಸಿಲ್. ಪಟ್ಟಣದಲ್ಲಿ ಅದನ್ನೇ ಟೌನ್ ಕೌನ್ಸಿಲ್ ಅನ್ನುತ್ತಾರೆ. ಇಂಥವು ಇಂಗ್ಲೆಂಡಿನಲ್ಲಿ ಸುಮಾರು 10 ಸಾವಿರ ಇವೆ. ಪಾರ್ಕು, ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ತುಂಡು ಜಮೀನು, ಸ್ಮಶಾನ, ಬಸ್ ತಂಗುದಾಣ, ಸಾರ್ವಜನಿಕ ಶೌಚಾಲಯ, ಸಮುದಾಯ ಭವನ, ಸಂತೆ. ಇಷ್ಟೇ ಇವುಗಳ ವ್ಯಾಪ್ತಿ. ಕಟ್ಟಡದ ಅರ್ಜಿಗಳ ಬಗ್ಗೆ ಅಭಿಪ್ರಾಯ ಹೇಳಬಹುದು, ತೀರ್ಮಾನ ಮಾಡುವ ಹಾಗಿಲ್ಲ. ಕೌನ್ಸಿಲರ್‌ಗಳಿಗೆ ಸಂಬಳ ಇಲ್ಲ.

ಕೆಲಸ ಸಣ್ಣದು, ಸಂಬಳ ಇಲ್ಲ, ಹೆಸರೂ ಇಲ್ಲ ಅಂದಮೇಲೆ ಚುನಾವಣೆಗೆ ನಿಲ್ಲುವವರು ಯಾರು? ಇಂಗ್ಲೆಂಡಿನ ಎಷ್ಟೋ ಪ್ಯಾರಿಷ್‌ಗಳಲ್ಲಿ ಇರುವ ಸೀಟಿನಷ್ಟೂ ನಾಮಪತ್ರ ಬರುವುದಿಲ್ಲ. ಬಂದವರೆಲ್ಲ ಅವಿರೋಧವಾಗಿ ಆಯ್ಕೆಯಾಗುತ್ತಾರೆ. ಖಾಲಿ ಉಳಿದ ಸೀಟಿಗೆ ಇರುವ ಕೌನ್ಸಿಲರ್‌ಗಳೇ ಯಾರನ್ನಾದರೂ ಕರೆದು ಕೂರಿಸಿಕೊಳ್ಳುತ್ತಾರೆ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಅವಿರೋಧ ಆಯ್ಕೆ ಅಂದರೆ ಊರು ಒಟ್ಟಾಗಿದೆ ಎಂದೋ, ಯಾರೋ ಒಬ್ಬರ ಒತ್ತಡ ಜೋರಾಗಿದೆ ಎಂದೋ ಅರ್ಥ. ಅಲ್ಲಿ ಸಾಮಾನ್ಯವಾಗಿ ಯಾರಿಗೂ ಆಸಕ್ತಿ ಇಲ್ಲ ಎಂದು ಅರ್ಥ.

ಫ್ರೂಮ್ ಅಷ್ಟೊಂದು ಕೆಟ್ಟ ಸ್ಥಿತಿಯಲ್ಲಿ ಇರಲಿಲ್ಲ. ಅಲ್ಲಿ ಪಕ್ಷಗಳಿದ್ದವು, ಪೈಪೋಟಿಯೂ ಇತ್ತು. ಆದರೆ ಬೆಂಚು ಎಲ್ಲಿ ಹಾಕಬೇಕು, ಪಾರ್ಕಿಗೆ ಎಷ್ಟು ದುಡ್ಡು ಎಂಬಂಥ ಮಾತಿನಲ್ಲೂ ಲಂಡನ್ನಿನ ಪಕ್ಷಗಳ ಗೆರೆ ಎಳೆದುಕೊಂಡು ಜನ ಎದುರುಬದುರು ಕೂರುತ್ತಿದ್ದರು. ಪಕ್ಷೇತರರ ಗುಂಪಿನ ಮೂಲ ದೂರು ಇದೇ.

2011: ಮೊದಲ ಗೆಲುವು

2010ರಲ್ಲಿ ಕನ್ಸರ್ವೇಟಿವ್ ಮತ್ತು ಲಿಬರಲ್ ಡೆಮಾಕ್ರಟ್ ಪಕ್ಷಗಳ ಸಮ್ಮಿಶ್ರ ಸರ್ಕಾರ ಬಂತು. ಬಂದ ಕೂಡಲೇ ಸ್ಥಳೀಯ ಸಂಸ್ಥೆಗಳ ಅನುದಾನ ಕಡಿತ ಶುರು. ಕೌಂಟಿಗಳು, ಜಿಲ್ಲೆಗಳು ಖರ್ಚು ಕಡಿಮೆ ಮಾಡುತ್ತಾ ಹೋದವು. ಆ ಹೊತ್ತಿನಲ್ಲೇ ಫ್ರೂಮ್‌ನ ಕೆಲವರು ಸೇರಿ ಮಾತಾಡತೊಡಗಿದರು. ಮೆಲ್ ಅಷರ್ ಅವರಿಗೆ ಸ್ಥಳೀಯ ಆಡಳಿತದ ಒಳಹೊರಗು ಚೆನ್ನಾಗಿ ಗೊತ್ತಿತ್ತು. ಪೀಟರ್ ಮ್ಯಾಕ್‌ಫಡ್ಯನ್ ಪರಿಸರದ ಕೆಲಸದಲ್ಲಿದ್ದವರು, ಅಂತ್ಯಸಂಸ್ಕಾರ ನಡೆಸಿಕೊಡುವ ವೃತ್ತಿಯವರು. ಇಂಥವರು ಊರಿನ ಜನರನ್ನು ಕರೆದು ಕೇಳಿದ ಪ್ರಶ್ನೆ ಸರಳವಾಗಿತ್ತು. ಕೌನ್ಸಿಲ್ ಬಗ್ಗೆ ಸುಮ್ನೆ ಗೊಣಗುವ ಬದಲು ನಾವೇ ನಿಂತರೆ ಹೇಗೆ?

17 ಸೀಟಿಗೂ ಅಭ್ಯರ್ಥಿಗಳನ್ನು ಹುಡುಕಿದರು. ನನ್ನ ಮಟ್ಟಿಗೆ ಇಡೀ ಪ್ರಕರಣದ ಜೀವ ಇಲ್ಲಿದೆ. ಒಬ್ಬ ಪಕ್ಷೇತರ ನಿಂತರೆ ಅವನು ಒಂಟಿ. ಕರಪತ್ರ ಅವನೇ ಮಾಡಿಸಬೇಕು, ಮನೆಮನೆಗೂ ಅವನೇ ಅಲೆಯಬೇಕು. ಗೆದ್ದರೂ ಕೌನ್ಸಿಲ್‌ನಲ್ಲಿ ಅವನ ಮಾತಿಗೆ ಬೆಲೆ ಇಲ್ಲ. ಮತದಾರನಿಗೂ ಅದು ಗೊತ್ತು, ಅದಕ್ಕೇ ಅವನಿಗೆ ಮತ ಹಾಕುವುದಿಲ್ಲ. 17 ಜನ ಒಂದೇ ಹೆಸರಿನಡಿ ನಿಂತಾಗ ಈ ಮೂರೂ ತೊಡಕು ಒಟ್ಟಿಗೆ ಬಿಡಿಸಿಕೊಂಡವು. ಕರಪತ್ರದ ಖರ್ಚು ಹಂಚಿಹೋಯಿತು. ಪ್ರಚಾರಕ್ಕೆ ಕೈಗಳು ಸಿಕ್ಕವು. ಇವರಿಗೆ ಮತ ಹಾಕಿದರೆ ಕೌನ್ಸಿಲ್ಲೇ ಬದಲಾಗಬಹುದು ಎಂದು ಮತದಾರನಿಗೆ ಅನ್ನಿಸಿತು.

ಇನ್ನೊಂದು ವಿಚಿತ್ರ ನೋಡಿ. ಇವರಿಗೆ ಸಾಮಾನ್ಯ ಪ್ರಣಾಳಿಕೆಯೇ ಇರಲಿಲ್ಲ. ಗೆದ್ದರೆ ಏನು ಮಾಡುತ್ತೇವೆ ಎಂಬ ಪಟ್ಟಿಗೆ ಎಲ್ಲರೂ ಸಹಿ ಹಾಕಲಿಲ್ಲ. ಹೇಗೆ ಕೆಲಸ ಮಾಡುತ್ತೇವೆ ಎಂಬುದಕ್ಕೆ ಮಾತ್ರ ಒಪ್ಪಿಕೊಂಡರು. ಒಂದು ನಿಲುವಿಗೆ ಅಂಟಿಕೊಂಡು ಚರ್ಚೆಯ ಬಾಗಿಲು ಮುಚ್ಚಬಾರದು. ಬೇರೆಯವರ ವಾದ ಸರಿ ಅನ್ನಿಸಿದರೆ ಮನಸ್ಸು ಬದಲಿಸಿಕೊಳ್ಳಬೇಕು. ತಪ್ಪಾದರೆ ಒಪ್ಪಿಕೊಳ್ಳಬೇಕು. ಕೆಲವು ಸಲ ನಮ್ಮ ಮಾತು ನಡೆಯುತ್ತದೆ, ಕೆಲವು ಸಲ ಇಲ್ಲ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಒಬ್ಬೊಬ್ಬರೇ ಕೆಲಸ ಮಾಡದೆ ಬೇರೆಯವರನ್ನು ಸೇರಿಸಿಕೊಳ್ಳಬೇಕು. ಎದುರಿಗಿರುವವರ ಅನುಭವದ ಮೇಲೆ, ಉದ್ದೇಶದ ಮೇಲೆ ನಂಬಿಕೆ ಇಡಬೇಕು. ವಿಪ್ ಇಲ್ಲ. ಗುಂಪಿನವರೆಲ್ಲ ಒಂದೇ ಕಡೆ ಕೈ ಎತ್ತಬೇಕು ಎಂಬ ಕಟ್ಟಲೆ ಇಲ್ಲ. ಒಂದು ವಿಷಯದಲ್ಲಿ ಇಬ್ಬರು ಪರ ಇದ್ದು ಮೂವರು ವಿರುದ್ಧ ಇದ್ದರೂ ಯಾರೂ ಯಾರನ್ನೂ ಹೊರಗೆ ಹಾಕುವುದಿಲ್ಲ.

ಓದಿದರೆ ಒಳ್ಳೆಯ ಮಾತುಗಳ ಪಟ್ಟಿಯ ಹಾಗೆ ಕಾಣುತ್ತದೆ. ಆದರೆ ಚುನಾವಣೆಗೆ ನಿಲ್ಲಲು ಹಿಂಜರಿಯುವ ಒಬ್ಬ ಶಿಕ್ಷಕಿಯನ್ನೋ, ಅಂಗಡಿಯವರನ್ನೋ ನೆನೆಸಿಕೊಳ್ಳಿ. ಅವರನ್ನು ತಡೆಯುವುದು ನೀತಿಗಳ ಬಗೆಗಿನ ಅಜ್ಞಾನ ಅಲ್ಲ. ಸಭೆಯಲ್ಲಿ ಯಾರಾದರೂ ಎಗರಿ ಬಿದ್ದರೆ ಏನು ಮಾಡುವುದು, ಊರಿನಲ್ಲಿ ಮುಖ ಕೆಡಿಸಿಕೊಳ್ಳಬೇಕಾಗುತ್ತದಲ್ಲ ಎಂಬ ಅಳುಕು. ಒಳಗೆ ಹೇಗೆ ನಡೆದುಕೊಳ್ಳುತ್ತಾರೆ ಎಂಬ ಭರವಸೆ ಮೊದಲೇ ಸಿಕ್ಕಿದರೆ ಆ ಅಳುಕು ಕಡಿಮೆಯಾಗುತ್ತದೆ. ಪ್ರಣಾಳಿಕೆ ಸೆಳೆಯುವುದು ಮತದಾರರನ್ನು. ಈ ಪಟ್ಟಿ ಸೆಳೆದದ್ದು ಅಭ್ಯರ್ಥಿಗಳನ್ನು.

2011ರ ಮೇ 5ರಂದು ಮತದಾನ. ಅವತ್ತೇ ದೇಶಾದ್ಯಂತ ಒಂದು ಜನಮತಗಣನೆಯೂ ಇತ್ತು. ಸಂಸತ್ ಚುನಾವಣೆಯ ಪದ್ಧತಿಯನ್ನು ಬದಲಿಸಿ, ಮತದಾರರು ಅಭ್ಯರ್ಥಿಗಳಿಗೆ 1, 2, 3 ಎಂದು ಆದ್ಯತೆ ಕೊಡುವ ಪದ್ಧತಿ ತರೋಣವೇ ಎಂದು ಕೇಳಿದ್ದರು. ಸುಮಾರು ಶೇ. 68ರಷ್ಟು ಜನ ಬೇಡ ಅಂದರು. ಹಳೆಯ ಪದ್ಧತಿಯೇ ಇರಲಿ ಎಂದು ದೇಶ ಹೇಳಿದ ದಿನವೇ ಫ್ರೂಮ್ ಅದೇ ಹಳೆಯ ಪದ್ಧತಿಯೊಳಗೆ ತನ್ನ ಕೌನ್ಸಿಲ್ ಬದಲಿಸಿಕೊಂಡಿತು. 17ರಲ್ಲಿ 10 ಸೀಟು ಪಕ್ಷೇತರರ ಗುಂಪಿಗೆ ಬಂದವು. ಮೊದಲ ಸಲ ನಿಂತವರಿಗೆ ನೇರ ಬಹುಮತ.

ನಾಲ್ಕು ವರ್ಷದ ಕೆಲಸ

ಗೆದ್ದವರ ಅದೃಷ್ಟಕ್ಕೆ ಕಾನೂನು ಅದೇ ವರ್ಷ ಬದಲಾಯಿತು. 2011ರ ಲೋಕಲಿಸಂ ಕಾಯ್ದೆ ಸ್ಥಳೀಯ ಸಂಸ್ಥೆಗಳಿಗೆ ಒಂದು ಸಾಮಾನ್ಯ ಅಧಿಕಾರ ಕೊಟ್ಟಿತು. ಅಲ್ಲಿಯವರೆಗೆ ಟೌನ್ ಕೌನ್ಸಿಲ್ ಏನೇ ಮಾಡಬೇಕಿದ್ದರೂ ಇದಕ್ಕೆ ಯಾವ ಕಾನೂನಿನಲ್ಲಿ ಅವಕಾಶ ಇದೆ ಎಂದು ತೋರಿಸಬೇಕಿತ್ತು. ಈಗ ಒಬ್ಬ ವ್ಯಕ್ತಿ ಕಾನೂನಿನೊಳಗೆ ಏನೇನು ಮಾಡಬಹುದೋ ಅದನ್ನೆಲ್ಲ ಕೌನ್ಸಿಲ್ಲೂ ಮಾಡಬಹುದು. ಟೌನ್ ಕೌನ್ಸಿಲ್‌ಗೆ ಇದು ಸಿಗಲು ಷರತ್ತುಗಳಿದ್ದವು. ಕೌನ್ಸಿಲರ್‌ಗಳಲ್ಲಿ ಮೂರನೇ ಎರಡರಷ್ಟು ಜನ ಚುನಾವಣೆಯ ಮೂಲಕವೇ ಬಂದಿರಬೇಕು, ಕೌನ್ಸಿಲ್‌ನ ಕ್ಲರ್ಕ್, ಅಂದರೆ ಅದರ ಆಡಳಿತ ನೋಡಿಕೊಳ್ಳುವ ಅಧಿಕಾರಿ, ತರಬೇತಿ ಪಡೆದಿರಬೇಕು. ಕರೆದು ಕೂರಿಸಿಕೊಂಡ ಸದಸ್ಯರೇ ತುಂಬಿರುವ ಕೌನ್ಸಿಲ್‌ಗೆ ಈ ಅಧಿಕಾರ ಇಲ್ಲ. ಜನ ನಿಲ್ಲುವುದಕ್ಕೂ ಕೌನ್ಸಿಲ್‌ನ ಶಕ್ತಿಗೂ ಎಂಥ ನೇರ ನಂಟು ನೋಡಿ.

ಎರಡನೆಯದು ದುಡ್ಡಿನ ವಿಷಯ. ಜಿಲ್ಲಾ, ಕೌಂಟಿ ಕೌನ್ಸಿಲ್‌ಗಳು ತೆರಿಗೆಯನ್ನು ಒಂದು ಮಿತಿ ಮೀರಿ ಏರಿಸಬೇಕಾದರೆ ಜನಮತಗಣನೆ ನಡೆಸಲೇಬೇಕು ಎಂದು ಅದೇ ಕಾಯ್ದೆ ಹೇಳಿತು. ಟೌನ್ ಮತ್ತು ಪ್ಯಾರಿಷ್ ಕೌನ್ಸಿಲ್‌ಗಳಿಗೆ ಆ ಕಡಿವಾಣ ಹಾಕಲಿಲ್ಲ. ಅವು ಮನೆತೆರಿಗೆಯ ಬಿಲ್ಲಿನಲ್ಲಿ ತಮ್ಮ ಪಾಲನ್ನು ತಾವೇ ಗೊತ್ತುಮಾಡುತ್ತವೆ. ಒಪ್ಪಿಗೆ ಪಡೆದು ಸಾಲವನ್ನೂ ಎತ್ತಬಹುದು. ಮೇಲಿನ ಎರಡು ಹಂತ ಖರ್ಚು ಕಡಿಯುತ್ತಿದ್ದಾಗ ಫ್ರೂಮ್ ಉಲ್ಟಾ ದಾರಿ ಹಿಡಿಯಿತು. ತೆರಿಗೆ ಏರಿಸಿತು, ಸಾಲ ಮಾಡಿತು, ಊರಿಗೆ ಖರ್ಚು ಮಾಡಿತು. ತೆರಿಗೆ ಏರಿಸಿದವರು ಮುಂದಿನ ಚುನಾವಣೆಯಲ್ಲಿ ಸೋಲುತ್ತಾರೆ ಎಂಬುದು ಎಲ್ಲ ಕಡೆಯ ನಂಬಿಕೆ. ಇಲ್ಲಿ 10 ಇದ್ದ ಸೀಟು 17 ಆಯಿತು. ಟೌನ್ ಕೌನ್ಸಿಲ್ ಪಾಲು ಒಟ್ಟು ಬಿಲ್ಲಿನಲ್ಲಿ ಚಿಕ್ಕದು, ಅದೂ ಒಂದು ಕಾರಣ. ಇನ್ನೂ ದೊಡ್ಡ ಕಾರಣ, ಆ ದುಡ್ಡು ಎಲ್ಲಿ ಹೋಯಿತು ಎಂಬುದು ಜನರ ಕಣ್ಣೆದುರೇ ಇತ್ತು.

ಕೌಂಟಿ ಕೌನ್ಸಿಲ್ ಕೈಯಲ್ಲಿದ್ದ ಹಳೆಯ ಟೌನ್ ಹಾಲ್ ಕಟ್ಟಡವನ್ನು ಊರಿಗಾಗಿ ಕೊಂಡುಕೊಂಡರು. ಡ್ರಿಲ್ಲು, ಡೇರೆ, ಹೊಲಿಗೆ ಯಂತ್ರದಂಥ ಅಪರೂಪಕ್ಕೆ ಬೇಕಾಗುವ ವಸ್ತುಗಳನ್ನು ಕಡಿಮೆ ಬಾಡಿಗೆಗೆ ಕೊಡುವ 'ಶೇರ್' ಅಂಗಡಿಯನ್ನು ಊರಿನ ಯುವಕರು ತೆರೆದಾಗ ಕೌನ್ಸಿಲ್ ಬೆನ್ನಿಗೆ ನಿಂತಿತು. ಎರಡನೆಯ ಗೆಲುವಿನ ನಂತರ, 2016ರಲ್ಲಿ, ಒಂದು ಸಾರ್ವಜನಿಕ ಫ್ರಿಜ್ ಬಂತು. ಅಂಗಡಿಯಲ್ಲಿ, ಮನೆಯಲ್ಲಿ ಮಿಕ್ಕ ಒಳ್ಳೆಯ ಆಹಾರ ಯಾರು ಬೇಕಾದರೂ ಇಡಬಹುದು, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಬಡವರೆಂದು ಚೀಟಿ ತೋರಿಸಬೇಕಿಲ್ಲ. ಬ್ರಿಟನ್ನಿನಲ್ಲಿ ಇಂಥ ಫ್ರಿಜ್‌ಗಳ ಪೈಕಿ ಇದು ಮೊದಮೊದಲಿನದು. ಸಭೆಗಳ ಬಿಗುವನ್ನೂ ಸಡಿಲಿಸಿದರು. ಊರಿನವರು ಬಂದು ಕೂತು ಮಾತಾಡಲು ಜಾಸ್ತಿ ಅವಕಾಶ ಮಾಡಿದರು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಫ್ರೂಮ್ ಬಗ್ಗೆ ಬರೆಯುವವರು ಊರಿನಲ್ಲಾದ ಎಲ್ಲ ಒಳ್ಳೆಯದನ್ನೂ ಈ ಕೌನ್ಸಿಲ್ ಖಾತೆಗೆ ಹಾಕಿಬಿಡುತ್ತಾರೆ. ಉದಾಹರಣೆಗೆ, ಒಂಟಿತನದಿಂದ ಆರೋಗ್ಯ ಕೆಡಿಸಿಕೊಂಡವರನ್ನು ನೆರೆಹೊರೆಯವರ ಜೊತೆ ಬೆಸೆಯುವ ಹೆಸರಾಂತ ಯೋಜನೆ 2013ರಲ್ಲಿ ಶುರುವಾದದ್ದು ಊರಿನ ವೈದ್ಯಕೀಯ ಕೇಂದ್ರದಿಂದ, ಡಾ. ಹೆಲೆನ್ ಕಿಂಗ್‌ಸ್ಟನ್ ಅವರ ಮುಂದಾಳತ್ವದಲ್ಲಿ. ಸಂತೆ, ಕಲಾವಿದರು, ಸಣ್ಣ ಅಂಗಡಿಗಳು 2011ಕ್ಕೆ ಮುಂಚೆಯೂ ಇದ್ದವು. ಇಂಥ ಉತ್ಸಾಹಿ ಜನ ಮೊದಲೇ ಇದ್ದ ಊರಾದ್ದರಿಂದಲೇ 17 ಅಭ್ಯರ್ಥಿಗಳು ಸಿಕ್ಕಿದರು ಎನ್ನುವುದು ಹೆಚ್ಚು ಸರಿ.

2015ರ ಗೆಲುವಿನ ಗಣಿತ

ಈಗ ಆ 17ಕ್ಕೆ 17ರ ಲೆಕ್ಕಕ್ಕೆ ಬರೋಣ. ಕೇಳಲು ಇಡೀ ಊರೇ ಒಂದು ಕಡೆ ವಾಲಿತು ಅನ್ನಿಸುತ್ತದೆ. ಹಾಗೇ ಆಗಬೇಕೆಂದೇನಿಲ್ಲ.

ಊರನ್ನು ಕೀಫೋರ್ಡ್, ಮಾರ್ಕೆಟ್, ಪಾರ್ಕ್ ಮುಂತಾದ ವಾರ್ಡ್‌ಗಳಾಗಿ ಹಂಚಿದ್ದಾರೆ. ನಮ್ಮ ನಗರಸಭೆಯಲ್ಲಿ ಒಂದು ವಾರ್ಡಿಗೆ ಒಬ್ಬ ಸದಸ್ಯ. ಅಲ್ಲಿ ಒಂದೇ ವಾರ್ಡಿನಿಂದ ಇಬ್ಬರು, ಮೂವರು ಆಯ್ಕೆಯಾಗುವುದು ಮಾಮೂಲು. ಮೂರು ಸೀಟಿದ್ದರೆ ಮತದಾರನಿಗೆ ಮೂರು ಮತ. ಮೂವರ ಹೆಸರಿನ ಎದುರು ಗುಣಾಕಾರದ ಗುರುತು ಹಾಕಬಹುದು. ಹೆಚ್ಚು ಮತ ಬಂದ ಮೊದಲ ಮೂವರು ಗೆಲ್ಲುತ್ತಾರೆ.

ಲೆಕ್ಕಕ್ಕೆ ಒಂದು ವಾರ್ಡಿನಲ್ಲಿ 100 ಜನ ಮತ ಹಾಕಿದರು ಎಂದಿಟ್ಟುಕೊಳ್ಳಿ. 40 ಜನ ಪಕ್ಷೇತರ ಗುಂಪಿನ ಮೂವರಿಗೂ ಹಾಕಿದರು. 30 ಜನ ಕನ್ಸರ್ವೇಟಿವ್ ಮೂವರಿಗೆ, 30 ಜನ ಲಿಬರಲ್ ಡೆಮಾಕ್ರಟ್ ಮೂವರಿಗೆ. ಮೂರೂ ಸೀಟು ಪಕ್ಷೇತರರಿಗೇ ಹೋಗುತ್ತವೆ. 60 ಜನ ಬೇಡ ಅಂದರೂ ಆ ವಾರ್ಡಿನಲ್ಲಿ ಬೇರೆಯವರಿಗೆ ಒಂದೂ ಸೀಟು ಇಲ್ಲ. ಎಲ್ಲ ವಾರ್ಡಿನಲ್ಲೂ ಹೀಗೇ ಆದರೆ ಕೌನ್ಸಿಲ್ ಪೂರ್ತಿ ಒಂದೇ ಗುಂಪಿನದು.

ಅಂದರೆ ಯಾವ ಪದ್ಧತಿ ದೊಡ್ಡ ಪಕ್ಷಗಳಿಗೆ ದಶಕಗಟ್ಟಲೆ ಲಾಭ ಕೊಟ್ಟಿತ್ತೋ ಅದೇ ಪದ್ಧತಿ ಫ್ರೂಮ್‌ನಲ್ಲಿ ಪಕ್ಷೇತರರಿಗೆ ಲಾಭ ಕೊಟ್ಟಿತು. ಒಂಟಿ ಪಕ್ಷೇತರನಿಗೆ ಇದು ಸಿಗದು. ಗುಂಪಾಗಿ ನಿಂತವರಿಗೆ ಮಾತ್ರ. ಮತದಾರ ಒಬ್ಬರ ಹೆಸರು ಗೊತ್ತಿದ್ದು ಹುಡುಕಿಕೊಂಡು ಹೋದರೂ ಮತಪತ್ರದಲ್ಲಿ ಅದೇ ಗುಂಪಿನ ಇನ್ನಿಬ್ಬರು ಕಾಣುತ್ತಾರೆ. ಉಳಿದೆರಡು ಮತ ಅವರಿಗೇ ಬೀಳುತ್ತದೆ.

ಸಂಸತ್ ಚುನಾವಣೆ ಅದೇ ದಿನ ಇದ್ದದ್ದೂ ನೆರವಾಗಿರಬೇಕು ಎಂದು ನನಗೆ ಅನ್ನಿಸುತ್ತದೆ. ಬರೀ ಸ್ಥಳೀಯ ಚುನಾವಣೆ ಇದ್ದರೆ ಮತದಾನ ಕಡಿಮೆ. ಆಗ ಪಕ್ಷದ ಕಟ್ಟಾ ಬೆಂಬಲಿಗರೇ ಮತಗಟ್ಟೆಗೆ ಬರುವುದು. ಸಂಸತ್ತಿಗೆಂದು ಬಂದ ದೊಡ್ಡ ಗುಂಪಿನಲ್ಲಿ ಟೌನ್ ಕೌನ್ಸಿಲ್ ಬಗ್ಗೆ ಪಕ್ಷದ ಹಂಗಿಲ್ಲದವರು ಬಹಳ ಇರುತ್ತಾರೆ. ಅವರ ಕೈಗೆ ಸಿಕ್ಕ ಕೊನೆಯ ಮತಪತ್ರದಲ್ಲಿ ಊರಿನ ಹೆಸರೇ ಇದ್ದ ಗುಂಪು ಕಾಣಿಸಿತು.

2019ರಲ್ಲಿ ಸಂಸತ್ ಚುನಾವಣೆಯ ಈ ನೆರವು ಇರಲಿಲ್ಲ. ಬ್ರೆಕ್ಸಿಟ್ ಜಗಳ ಜೋರಾಗಿದ್ದ ಹೊತ್ತು. ಆಗಲೂ ಗುಂಪು 17ನ್ನೂ ಉಳಿಸಿಕೊಂಡಿತು. 2015ರ ಫಲ ಬರೀ ಆ ದಿನದ ಗಾಳಿ ಅಲ್ಲ ಎಂಬುದಕ್ಕೆ ಇದು ಸಾಕಷ್ಟು ಒಳ್ಳೆಯ ಸಾಕ್ಷಿ.

ದೂರುಗಳು, ಮತ್ತು ಅವುಗಳ ತೂಕ

ಈ ಪ್ರಯೋಗವನ್ನು ಮೆಚ್ಚುವವರು, ನಾನೂ ಸೇರಿ, ಕೆಲವು ಕಷ್ಟದ ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಹೆಸರು ಒಂದೇ, ಕರಪತ್ರ ಒಂದೇ, ಒಟ್ಟಿಗೆ ಪ್ರಚಾರ. ಇದೂ ಒಂದು ಪಕ್ಷವೇ ಅಲ್ವಾ? ಸೋತ ಪಕ್ಷಗಳವರ ಮೊದಲ ದೂರು ಇದು. ಹೊರಗಿನಿಂದ ನೋಡಿದರೆ ಹೌದು. ವ್ಯತ್ಯಾಸ ಇರುವುದು ಗೆದ್ದ ಮೇಲೆ. ವಿಪ್ ಇಲ್ಲ, ಮೇಲಿನ ನಾಯಕರ ಅಪ್ಪಣೆ ಇಲ್ಲ, ಈ ಕೌನ್ಸಿಲರ್ ಹುದ್ದೆ ಸಂಸತ್ತಿಗೆ ಹೋಗುವ ಏಣಿಯೂ ಅಲ್ಲ. ಈ ಉತ್ತರ ನನಗೆ ಬಹುಮಟ್ಟಿಗೆ ಒಪ್ಪಿಗೆ.

ಎರಡನೆಯ ದೂರು ಇನ್ನೂ ಗಟ್ಟಿ. 17 ಜನರೂ ಒಂದೇ ಗುಂಪಿನವರಾದರೆ ಎದುರು ಕೂತು ಪ್ರಶ್ನೆ ಕೇಳುವವರು ಯಾರು? ಒಳಗೊಳಗೇ ಭಿನ್ನಾಭಿಪ್ರಾಯ ಇರುತ್ತದೆ ಎಂಬ ಸಮಾಧಾನ ಸಾಲದು. ಒಟ್ಟಿಗೆ ಗೆದ್ದವರು, ಒಟ್ಟಿಗೆ ಊಟ ಮಾಡುವವರು ಒಬ್ಬರನ್ನೊಬ್ಬರು ಕೆಣಕುವುದು ಕಡಿಮೆ. ಪಕ್ಷಗಳಿಗೆ ಬಿದ್ದ ಅಷ್ಟೂ ಮತಕ್ಕೆ ಕೌನ್ಸಿಲ್‌ನಲ್ಲಿ ದನಿಯೇ ಇಲ್ಲದೆ ಹೋಯಿತು. ನನ್ನ ಪ್ರಕಾರ 2015ರ ಫಲಿತಾಂಶಕ್ಕಿಂತ 2011ರದ್ದು ಆರೋಗ್ಯಕರ. 10 ಜನರ ಬಹುಮತದಲ್ಲಿ ಕೆಲಸ ನಡೆಯುತ್ತಿತ್ತು, ಉಳಿದ 7 ಜನ ಎದುರು ಇದ್ದರು.

ಮೂರನೆಯದು ಯಾರು ನಿಲ್ಲುತ್ತಾರೆ ಎಂಬುದು. ಸಂಬಳ ಇಲ್ಲದ ಕೆಲಸಕ್ಕೆ ಸಂಜೆಗಳನ್ನು ಕೊಡಬಲ್ಲವರು ಯಾರು? ನಿವೃತ್ತರು, ಸ್ವಂತ ಉದ್ಯೋಗದವರು, ಓದಿಕೊಂಡವರು. ಬಾತ್‌ನಿಂದ, ಲಂಡನ್ನಿನಿಂದ ಬಂದು ನೆಲೆಸಿದವರಲ್ಲಿ ಇಂಥವರು ಜಾಸ್ತಿ. ರಾತ್ರಿ ಪಾಳಿಯಲ್ಲಿ ದುಡಿಯುವವರಿಗೆ, ಚಿಕ್ಕ ಮಕ್ಕಳಿರುವವರಿಗೆ ಇದು ಸುಲಭವಲ್ಲ. ಹಳೆಯ ಊರಿನವರಿಗೆ ಇದು ಹೊಸಬರ ಕೌನ್ಸಿಲ್ ಅನ್ನಿಸಿದರೆ ಅದನ್ನು ಬರೀ ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವುದು ತಪ್ಪು. ಊರಿಗೆ ಹೆಸರು ಬಂದಷ್ಟೂ ಮನೆ ಬೆಲೆ ಏರಿತು, ಊರಿನ ಮಕ್ಕಳಿಗೇ ಮನೆ ದುಬಾರಿಯಾಯಿತು. ಟೌನ್ ಕೌನ್ಸಿಲ್ ಕೈಯಲ್ಲಿ ಇದಕ್ಕೆ ಮದ್ದು ಇಲ್ಲ.

ಮದ್ದು ಇಲ್ಲ ಎಂಬುದು ಸ್ಯಾಕ್ಸನ್‌ವೇಲ್ ವಿಷಯದಲ್ಲಿ ಎಲ್ಲರಿಗೂ ಕಂಡಿತು. ಊರಿನ ನಡುಮಧ್ಯೆ ಇರುವ ಹಳೆಯ ಕಾರ್ಖಾನೆಗಳ ಪಾಳು ಜಾಗ ಅದು. ಅಲ್ಲಿ ಏನು ಕಟ್ಟಬೇಕು ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಆ ಊರಿಗೆ ಬೇರೆ ಇರಲಿಲ್ಲ. ಒಂದು ಕಡೆ ಖಾಸಗಿ ಬಿಲ್ಡರ್ ಯೋಜನೆ. ಇನ್ನೊಂದು ಕಡೆ ಮೇಡೇ ಸ್ಯಾಕ್ಸನ್‌ವೇಲ್ ಎಂಬ ಊರಿನವರ ಗುಂಪು ತಯಾರಿಸಿದ ಪರ್ಯಾಯ ಯೋಜನೆ. ಜಾಗ ಜಿಲ್ಲಾ ಕೌನ್ಸಿಲ್ ವಶದಲ್ಲಿತ್ತು, ಅನುಮತಿ ಕೊಡುವ ಅಧಿಕಾರವೂ ಅದಕ್ಕೇ. 17ಕ್ಕೆ 17 ಗೆದ್ದ ಕೌನ್ಸಿಲ್ ಈ ವಿಷಯದಲ್ಲಿ ತನ್ನ ಅಭಿಪ್ರಾಯ ಬರೆದು ಕಳಿಸಬಹುದಿತ್ತು, ಅಷ್ಟೇ. ಪಕ್ಷೇತರರು ಗೆದ್ದದ್ದು ಅತಿ ಕೆಳಗಿನ ಮೆಟ್ಟಿಲನ್ನು. ಮೇಲಿನ ಎರಡು ಮೆಟ್ಟಿಲುಗಳೂ ಪಕ್ಷಗಳ ಕೈಯಲ್ಲೇ ಉಳಿದವು.

ಆಮೇಲೆ

2014ರಲ್ಲಿ ಮ್ಯಾಕ್‌ಫಡ್ಯನ್ ಈ ಅನುಭವವನ್ನೆಲ್ಲ ಒಂದು ಚಿಕ್ಕ ಕೈಪಿಡಿಯಾಗಿ ಬರೆದರು. ಬೇರೆ ಊರುಗಳವರು ಓದಿದರು, ಫ್ರೂಮ್‌ಗೆ ಬಂದು ನೋಡಿದರು. ಡೆವನ್‌ನ ಬಕ್‌ಫಾಸ್ಟ್‌ಲೀ, ವಿಲ್ಟ್‌ಶೈರ್‌ನ ಬ್ರ್ಯಾಡ್‌ಫರ್ಡ್ ಆನ್ ಏವನ್ ಮುಂತಾದ ಸಣ್ಣ ಪಟ್ಟಣಗಳಲ್ಲೂ ಇದೇ ಬಗೆಯ ಗುಂಪುಗಳು ಎದ್ದವು. ಇವೆಲ್ಲ ಒಬ್ಬರಿಗೊಬ್ಬರು ಪರಿಚಯ ಇರುವಷ್ಟು ಚಿಕ್ಕ ಊರುಗಳು ಎಂಬುದನ್ನು ಗಮನಿಸಬೇಕು. ದೊಡ್ಡ ನಗರದ ಕೌನ್ಸಿಲ್ ಈ ದಾರಿಯಲ್ಲಿ ಸಿಕ್ಕೀತು ಅನ್ನಿಸುವುದಿಲ್ಲ. ಅಲ್ಲಿ ಮತದಾರ ಅಭ್ಯರ್ಥಿಯನ್ನು ಬೀದಿಯಲ್ಲಿ ಭೇಟಿಯಾಗುವುದಿಲ್ಲ. ಪಕ್ಷದ ಹೆಸರೇ ಗುರುತಿನ ಚೀಟಿ.

ಸಾಮರ್ಸೆಟ್‌ನಲ್ಲಿ ಈ ನಡುವೆ ಮೆಟ್ಟಿಲುಗಳೇ ಬದಲಾದವು. 2023ರ ಏಪ್ರಿಲ್ 1ರಿಂದ ಕೌಂಟಿ ಮತ್ತು ಅದರ ಕೆಳಗಿನ ಜಿಲ್ಲಾ ಕೌನ್ಸಿಲ್‌ಗಳು ಸೇರಿ ಒಂದೇ ಸಾಮರ್ಸೆಟ್ ಕೌನ್ಸಿಲ್ ಆಯಿತು. ಮೆಂಡಿಪ್ ಜಿಲ್ಲಾ ಕೌನ್ಸಿಲ್ ಇಲ್ಲವಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಹೊಸ ಕೌನ್ಸಿಲ್ ತಾನು ಹಣಕಾಸಿನ ತುರ್ತು ಸ್ಥಿತಿಯಲ್ಲಿದ್ದೇನೆ ಎಂದು ಘೋಷಿಸಿತು. ವೃದ್ಧರ, ಮಕ್ಕಳ ಆರೈಕೆಯ ಖರ್ಚು ಅದರ ಕುತ್ತಿಗೆಗೆ ಬಂದಿತ್ತು. ಪಾರ್ಕು, ಶೌಚಾಲಯದಂಥ ಕೆಲಸಗಳನ್ನು ನೀವೇ ನೋಡಿಕೊಳ್ಳಿ ಎಂದು ಟೌನ್ ಕೌನ್ಸಿಲ್‌ಗಳನ್ನು ಕೇಳತೊಡಗಿತು. ಹತ್ತು ವರ್ಷದ ಹಿಂದೆ ಫ್ರೂಮ್ ಇಷ್ಟಪಟ್ಟು ಮಾಡಿದ್ದನ್ನು ಈಗ ಸುತ್ತಲಿನ ಪಟ್ಟಣಗಳು ಬೇರೆ ದಾರಿಯಿಲ್ಲದೆ ಮಾಡಬೇಕಾಗಿದೆ. ತೆರಿಗೆ ಏರಿಸಬೇಕು, ಕಟ್ಟಡ ವಹಿಸಿಕೊಳ್ಳಬೇಕು, ಕೆಲಸ ಮಾಡುವವರನ್ನು ಹುಡುಕಬೇಕು. ಯಾರೂ ನಿಲ್ಲದ ಚುನಾವಣೆಯಿಂದ ಬಂದ ಕೌನ್ಸಿಲ್‌ಗೆ ಇದು ಬಹಳ ಭಾರ.

ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ

ಈ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಇಂಗ್ಲೆಂಡಿನ ಚುನಾವಣೆಗಳಲ್ಲಿ ಮತ ಹಾಕಬಹುದು. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ ಅಲ್ಲಿ ಸಕ್ರಮವಾಗಿ ನೆಲೆಸಿರುವ, 18 ತುಂಬಿದ ಭಾರತೀಯರಿಗೆ ಈ ಹಕ್ಕಿದೆ. ಕೆಲಸದ ವೀಸಾ, ವಿದ್ಯಾರ್ಥಿ ವೀಸಾದಲ್ಲಿ ಇರುವವರಿಗೂ ಇದೆ. ಮಾಡಬೇಕಾದ್ದು ಇಷ್ಟೇ: ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಬೇಕು, ಮತದಾನಕ್ಕೆ 12 ಕೆಲಸದ ದಿನ ಮುಂಚೆಯೇ. 2023ರ ಮೇ ತಿಂಗಳಿಂದ ಇಂಗ್ಲೆಂಡಿನ ಸ್ಥಳೀಯ ಚುನಾವಣೆಗಳಲ್ಲಿ ಫೋಟೋ ಇರುವ ಗುರುತಿನ ಚೀಟಿ ತೋರಿಸಬೇಕು. ಭಾರತದ ಪಾಸ್‌ಪೋರ್ಟ್ ಅದಕ್ಕೆ ನಡೆಯುತ್ತದೆ. ಮತಗಟ್ಟೆ ಬೆಳಗ್ಗೆ 7ರಿಂದ ರಾತ್ರಿ 10ರ ತನಕ ತೆರೆದಿರುತ್ತದೆ. ಬಾಗಿಲ ಹೊರಗೆ ಎದೆಗೆ ಬಣ್ಣದ ಬಟ್ಟೆಯ ಹೂ ಸಿಕ್ಕಿಸಿಕೊಂಡು ನಿಂತವರು ನಿಮ್ಮ ಮತದಾರ ಸಂಖ್ಯೆ ಕೇಳಿದರೆ ಅವರು ಅಭ್ಯರ್ಥಿಗಳ ಕಡೆಯವರು. ಹೇಳಲೇಬೇಕು ಎಂದೇನಿಲ್ಲ.

ನಿಲ್ಲುವುದಕ್ಕೆ ನಿಯಮ ಸ್ವಲ್ಪ ಬಿಗಿ. ಭಾರತೀಯ ಪೌರರಿಗೆ ಅಲ್ಲಿ ಖಾಯಂ ವಾಸದ ಅನುಮತಿ ಇರಬೇಕು. ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲ್ ಅವರು 2010-11ರಲ್ಲಿ ಲಂಡನ್ನಿನ ಲ್ಯಾಂಬೆತ್ ಮೇಯರ್ ಆಗಿದ್ದದ್ದು ಹಲವರಿಗೆ ನೆನಪಿರಬಹುದು. ಅವರು ಹೋದದ್ದು ಲೇಬರ್ ಪಕ್ಷದ ದಾರಿಯಲ್ಲಿ. ಟೌನ್ ಕೌನ್ಸಿಲ್‌ಗೆ ಪಕ್ಷವೇ ಬೇಕಿಲ್ಲ. ಠೇವಣಿ ಇಲ್ಲ. ಖರ್ಚಿಗೂ ಕಾನೂನಿನ ಮಿತಿ ಇದೆ. 2015ರಲ್ಲಿ ಅದು ಒಬ್ಬ ಅಭ್ಯರ್ಥಿಗೆ 740 ಪೌಂಡ್, ಜೊತೆಗೆ ವಾರ್ಡಿನ ಪ್ರತಿ ಮತದಾರನ ಲೆಕ್ಕದಲ್ಲಿ 6 ಪೆನ್ಸ್. ಯಾವ ಊರಿನಲ್ಲಿ ನಿಲ್ಲುತ್ತೀರೋ ಆ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಇಲ್ಲದಿದ್ದರೆ ಒಂದು ವರ್ಷದಿಂದ ಆ ಊರಿನಲ್ಲಿ ಕೆಲಸ ಮಾಡುತ್ತಿದ್ದರೂ, ಊರ ಗಡಿಯಿಂದ ಮೂರು ಮೈಲಿಯೊಳಗೆ ವಾಸವಿದ್ದರೂ ನಿಲ್ಲಬಹುದು. ನಾಮಪತ್ರಕ್ಕೆ ಇಬ್ಬರ ಸಹಿ ಬೇಕು, ಸೂಚಕರು ಒಬ್ಬರು, ಅನುಮೋದಕರು ಒಬ್ಬರು, ಇಬ್ಬರೂ ಅದೇ ವಾರ್ಡಿನ ಮತದಾರರಾಗಿರಬೇಕು.